ಕಲಿಕೆಯನ್ನೇ ವ್ರತವಾಗಿಸಿಕೊಂಡ ಗೋವಿಂದ ಪೈಗಳು

ಗಡಿನಾಡಾದ ಮಂಜೇಶ್ವರದ ಹೆಸರನ್ನು ಕನ್ನಡ ನಾಡಿನುದ್ದಕ್ಕೂ ಬೆಳಗಿಸಿದವರು ರಾಷ್ಟ್ರಕವಿ ಎಂ. ಗೋವಿಂದ ಪೈಗಳು. 1883ರಲ್ಲಿ ಜನಿಸಿದ ಇವರು ಮದ್ರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ತಂದೆಯವರು ತೀರಿಕೊಂಡರು. ಮನೆಯ ಹೊಣೆ ಹೆಗಲಿಗೇರಿತು, ಪದವಿ ಅರ್ಧಕ್ಕೇ ನಿಂತಿತು.

ಆದರೆ ಕಲಿಕೆ ನಿಲ್ಲಲಿಲ್ಲ. ಮನೆಯಲ್ಲೇ ಗ್ರಂಥರಾಶಿಯ ನಡುವೆ ಕುಳಿತು, ಮನೆಮಾತು ಕೊಂಕಣಿಯಲ್ಲದೆ ಕನ್ನಡ, ತುಳು, ಸಂಸ್ಕೃತ, ಪಾಳಿ, ಬಂಗಾಳಿ, ಗ್ರೀಕ್, ಲ್ಯಾಟಿನ್ ಮುಂತಾಗಿ ಇಪ್ಪತ್ತಕ್ಕೂ ಮಿಕ್ಕಿದ ಭಾಷೆಗಳನ್ನು ಬಲ್ಲವರಾದರು. ಹೊಸತನ್ನು ಸಾಧಿಸಲು ಹಳೆಯ ಅಭ್ಯಾಸವನ್ನು ಬಿಡಲೂ ಬೇಕಾಗುತ್ತದೆ. ಶತಮಾನಗಳಿಂದ ಬಂದ ಪ್ರಾಸದ ಕಟ್ಟನ್ನು 1911ರಲ್ಲಿ ತೊರೆದು ಕವಿತೆ ಬರೆದರು. ‘ಗೊಲ್ಗೊಥಾ’ದಲ್ಲಿ ಕ್ರಿಸ್ತನ, ‘ವೈಶಾಖಿ’ಯಲ್ಲಿ ಬುದ್ಧನ ಕೊನೆಯ ದಿನವನ್ನು ಕನ್ನಡಕ್ಕೆ ತಂದರು.

1949ರಲ್ಲಿ ಮದ್ರಾಸು ಸರಕಾರ ಇವರನ್ನು ರಾಷ್ಟ್ರಕವಿ ಎಂದು ಗೌರವಿಸಿತು. 1963ರಲ್ಲಿ ದಿವಂಗತರಾದರು. ಓದು ಅರ್ಧಕ್ಕೆ ನಿಂತಿತೆಂದು ಕೊರಗುವ ನಮ್ಮ ಮಕ್ಕಳಿಗೆ ಇವರ ಬಾಳೇ ದಾರಿದೀಪ.