ಉಳಿದ ನೀರು ಯಾರ ಪಾಲು? ವಿಶ್ವೇಶ್ವರಯ್ಯನವರ ಹಳೇ ಉತ್ತರ

ನಮ್ಮ ಗದ್ದೆ ಮಂಡ್ಯ ಸೀಮೆಯ ನಾಲೆಯೊಂದರ ಕೊನೇ ಭಾಗದಲ್ಲಿದೆ. ಹಾಗಾಗಿ ಸರ್ ಎಂ. ವಿಶ್ವೇಶ್ವರಯ್ಯ ಅಂದ್ರೆ ನನಗೆ ಕೆಆರ್‌ಎಸ್‌ಗಿಂತ ಮೊದಲು ನೆನಪಾಗೋದು ಬ್ಲಾಕ್ ಪದ್ಧತಿ.

ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ ಅವರು 1884ರಲ್ಲಿ ಮುಂಬೈ ಪ್ರಾಂತ್ಯದ ಸೇವೆಗೆ ಸೇರಿದರು. 1899ರ ಹೊತ್ತಿಗೆ ದಖ್ಖನ್ನಿನ ನಾಲೆಗಳಲ್ಲಿ ಅವರು ಕಂಡಿದ್ದು ಇವತ್ತಿನ ನಮ್ಮ ಕತೆಯೇ. ಕಬ್ಬಿನವರು ಬೇಕಾಬಿಟ್ಟಿ ನೀರು ಹರಿಸ್ತಿದ್ರು. ಅಲ್ಲಿ ಭೂಮಿ ಜೌಗು, ಉಳಿದ ಹಳ್ಳಿಗಳಿಗೆ ನೀರಿಲ್ಲ. ಜಮೀನನ್ನು ಬ್ಲಾಕ್‌ಗಳಾಗಿ ವಿಂಗಡಿಸಿ, ಕಬ್ಬಿಗೆ ಮಿತಿ ಹಾಕಿ, ಬೆಳೆಯ ಸರದಿ ಬದಲಿಸಿದರೆ ಉಳಿಯುವ ನೀರು ಹೆಚ್ಚು ಹಳ್ಳಿಗಳಿಗೆ ಹೋಗುತ್ತೆ ಅನ್ನೋದು ಅವರ ಯೋಜನೆ. ಕಬ್ಬಿನವರು ವಿರೋಧಿಸಿದರು, ಅವರು ಬಗ್ಗಲಿಲ್ಲ.

1912ರಲ್ಲಿ ಮೈಸೂರಿನ ದಿವಾನರಾದರು. ಸರ್ಕಾರಿ ಹುದ್ದೆಗಳ ಮೀಸಲಾತಿಯನ್ನು ಒಪ್ಪದೆ 1918ರಲ್ಲಿ ಹೊರನಡೆದರು. ನೀರು ಹಂಚಲು ಹಿಂಜರಿಯದವರು ಹುದ್ದೆ ಹಂಚಲು ಒಪ್ಪಲಿಲ್ಲ ಅನ್ನೋದನ್ನ ನಾನು ಮರೆಯಲ್ಲ. 1962ರಲ್ಲಿ, ನೂರು ದಾಟಿ, ತೀರಿಕೊಂಡರು.

ಆದರೆ ಅವರ ಪ್ರಶ್ನೆ ಇನ್ನೂ ಜೀವಂತ. ಇವತ್ತು ಹನಿ ನೀರಾವರಿಗೆ ಸಬ್ಸಿಡಿ ಇದೆ, ಉಳಿದ ನೀರಿನ ಲೆಕ್ಕ ಕೇಳೋರಿಲ್ಲ. ಅದೇ ನೀರಲ್ಲಿ ಮೇಲಿನವರು ಇನ್ನೊಂದೆಕರೆ ಕಬ್ಬು ಹಾಕಿದರೆ ನಮ್ಮ ತೂಬಿಗೆ ಬರೋದೇನು? ಉಳಿಸಿದವರಿಗೆ ಒಂದು ಪಾಲು ಖಂಡಿತ ಇರಲಿ. ಮಿಕ್ಕಿದ್ದು ನಾಲೆಗೇ ವಾಪಸ್ ಬರಬೇಕು. ಆ ಹಂಚಿಕೆ ಕಾನೂನಿನಲ್ಲೇ ಇರಬೇಕು.