ಅಡ್ಮಿರಲ್ ಕ್ರಾಡಾಕ್ ಮತ್ತು ಹನ್ನೆರಡು ನಾಟ್‌ನ ಲೆಕ್ಕ

1914ರ ಸೆಪ್ಟೆಂಬರ್ 22ರ ರಾತ್ರಿ ಎಮ್ಡನ್ ಎಂಬ ಜರ್ಮನ್ ಹಡಗು ಮದ್ರಾಸಿನ ಮೇಲೆ ಶೆಲ್ ಹಾರಿಸಿ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿದ ಕಥೆಯನ್ನು ನಮ್ಮಲ್ಲಿ ಬಹಳ ಜನ ಕೇಳಿರ್ತೀವಿ. ಆ ಎಮ್ಡನ್, ಅಡ್ಮಿರಲ್ ಫಾನ್ ಸ್ಪೇ ಎಂಬಾತನ ಪೂರ್ವ ಏಷ್ಯಾ ದಳದಿಂದ ಬೇರ್ಪಟ್ಟು ಬಂದ ಹಡಗು. ಉಳಿದ ಹಡಗುಗಳನ್ನು ಕಟ್ಟಿಕೊಂಡು ಸ್ಪೇ ಪೆಸಿಫಿಕ್ ಸಾಗರ ದಾಟಿ ದಕ್ಷಿಣ ಅಮೆರಿಕದ ಕಡೆ ಹೊರಟಿದ್ದ. ಅವನನ್ನು ಹುಡುಕಿ ಹಿಡಿಯೋ ಕೆಲಸ ಬಿದ್ದದ್ದು ಬ್ರಿಟಿಷ್ ನೌಕಾಪಡೆಯ ರಿಯರ್ ಅಡ್ಮಿರಲ್ ಸರ್ ಕ್ರಿಸ್ಟೋಫರ್ ಕ್ರಾಡಾಕ್ ಮೇಲೆ.

ಕ್ರಾಡಾಕ್ ಹುಟ್ಟಿದ್ದು 1862ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ. ನೌಕಾಪಡೆ ಸೇರಿದಾಗ ಇನ್ನೂ ಹನ್ನೆರಡು ವರ್ಷದ ಹುಡುಗ. 1900ರಲ್ಲಿ ಚೀನಾದ ಟಾಕು ಕೋಟೆಗಳನ್ನು ಹಿಡಿಯುವಾಗ ಮುಂದೆ ನಿಂತು ಹೆಸರು ಮಾಡಿದ. ಹಡಗು ನಡೆಸುವ ಕಲೆಯ ಬಗ್ಗೆ ಪುಸ್ತಕಗಳನ್ನೂ ಬರೆದ. 1911ರಲ್ಲಿ ಮೊರಾಕೊ ತೀರದಲ್ಲಿ ಡೆಲ್ಲಿ ಎಂಬ ಪ್ರಯಾಣಿಕರ ಹಡಗು ನೆಲಕ್ಕೆ ಸಿಕ್ಕಿ ಒಡೆದಾಗ, ರಾಜಮನೆತನದವರೂ ಸೇರಿ ಅದರಲ್ಲಿದ್ದವರನ್ನು ದಡ ಸೇರಿಸುವ ಕೆಲಸದ ಮುಂದಾಳು ಆತನೇ. ಮದುವೆ ಆಗಲಿಲ್ಲ. ಹಡಗೇ ಮನೆ, ಜೊತೆಗೊಂದು ನಾಯಿ.

1913ರಲ್ಲಿ ಆತನಿಗೆ 4ನೇ ಕ್ರೂಸರ್ ಸ್ಕ್ವಾಡ್ರನ್ ಸಿಕ್ಕಿತು. ಕ್ರೂಸರ್ ಅಂದ್ರೆ ದೊಡ್ಡ ಯುದ್ಧನೌಕೆಗಿಂತ ಹಗುರ, ಓಟ ಜಾಸ್ತಿ, ವ್ಯಾಪಾರದ ಹಡಗುಗಳನ್ನು ಕಾಯೋಕೆ ಹೇಳಿ ಮಾಡಿಸಿದ್ದು. ಯುದ್ಧ ಶುರುವಾದ ಮೇಲೆ ದಕ್ಷಿಣ ಅಮೆರಿಕದ ತೀರಕ್ಕೆ ಬಂದಾಗ ಆತನ ಕೈಲಿದ್ದದ್ದು ಸಿಕ್ಕಿದ್ದನ್ನು ಕೂಡಿಸಿದ ದಳ. ಗುಡ್ ಹೋಪ್ ಮತ್ತು ಮನ್ಮತ್ ಎಂಬ ಎರಡು ಹಳೇ ಕ್ರೂಸರ್‌ಗಳು, ಅವುಗಳ ಸಿಬ್ಬಂದಿಯಲ್ಲಿ ಬಹುಪಾಲು ಮನೆಯಿಂದ ವಾಪಸ್ ಕರೆಸಿದ ಮೀಸಲು ನಾವಿಕರು. ಗ್ಲಾಸ್ಗೋ ಎಂಬ ಒಂದೇ ಒಂದು ಹೊಸ ಲೈಟ್ ಕ್ರೂಸರ್. ಒಟ್ರಾಂಟೊ ಎಂಬ, ತೋಪು ಕೂರಿಸಿದ ಪ್ರಯಾಣಿಕರ ಹಡಗು. ಎದುರಿಗಿದ್ದ ಸ್ಪೇಯ ಶಾರ್ನ್‌ಹಾರ್ಸ್ಟ್ ಮತ್ತು ನೈಸೆನೌ ಜರ್ಮನ್ ನೌಕಾಪಡೆಯಲ್ಲೇ ಗುರಿಗೆ ಬಹುಮಾನ ಗೆದ್ದ ಹಡಗುಗಳು. ಒಂದೊಂದರಲ್ಲೂ 8.2 ಇಂಚಿನ ಎಂಟೆಂಟು ತೋಪು.

ಬಲ ಸಾಲದು ಅಂತ ಲಂಡನ್ನಿನ ನೌಕಾ ಕಚೇರಿ ಕೊಟ್ಟದ್ದು ಕ್ಯಾನೋಪಸ್ ಎಂಬ ಹಳೆಯ ಯುದ್ಧನೌಕೆಯನ್ನು. ಅದರಲ್ಲಿ 12 ಇಂಚಿನ ನಾಲ್ಕು ತೋಪು ಇದ್ದವು. ಅದು ಜೊತೆಗಿದ್ರೆ ಸ್ಪೇ ಹತ್ತಿರ ಬರಲ್ಲ ಅನ್ನೋದು ಲಂಡನ್ ಲೆಕ್ಕ. ಆದರೆ ಫಾಕ್‌ಲ್ಯಾಂಡ್ ದ್ವೀಪದಲ್ಲಿದ್ದ ಕ್ರಾಡಾಕ್‌ಗೆ ಬಂದ ವರದಿ ಬೇರೆ: ಎಂಜಿನ್ ಸರಿಯಿಲ್ಲ, 12 ನಾಟ್‌ಗಿಂತ ಜಾಸ್ತಿ ಓಡಲ್ಲ. ಇಪ್ಪತ್ತಕ್ಕಿಂತ ಹೆಚ್ಚು ನಾಟ್ ಓಡೋ ಶತ್ರುವನ್ನು 12 ನಾಟ್‌ನ ಹಡಗು ಕಟ್ಟಿಕೊಂಡು ಹಿಡಿಯೋದು ಹೇಗೆ? ಅದನ್ನು ಕಲ್ಲಿದ್ದಲು ಹಡಗುಗಳ ಕಾವಲಿಗೆ ಹಿಂದೆ ಬಿಟ್ಟು, ಅಕ್ಟೋಬರ್ 22ರಂದು ಆತ ಕೇಪ್ ಹಾರ್ನ್ ಸುತ್ತಿ ಚಿಲಿಯ ಕಡೆ ಹೊರಟ.

ಮೆಕ್ಯಾನಿಕಲ್‌ನವರು ಇಲ್ಲಿ ಸ್ವಲ್ಪ ಗಮನಿಸಿ. ಕ್ಯಾನೋಪಸ್ ಎಂಜಿನ್ ನಿಜಕ್ಕೂ ಅಷ್ಟು ಕೆಟ್ಟಿರಲಿಲ್ಲ. ಅದರ ಮುಖ್ಯ ಎಂಜಿನಿಯರ್ ಮಾನಸಿಕವಾಗಿ ಕುಸಿದುಹೋಗಿದ್ದ, ಕ್ಯಾಬಿನ್‌ನಿಂದ ಹೊರಗೇ ಬರ್ತಿರಲಿಲ್ಲ. ಹಡಗು ಸುಮಾರು 16 ನಾಟ್ ಓಡಬಲ್ಲದು ಅಂತ ಕೆಳಗಿನ ಎಂಜಿನಿಯರ್ ಕ್ಯಾಪ್ಟನ್‌ಗೆ ಹೇಳಿದ. ಆ ಮಾತು ಕ್ರಾಡಾಕ್‌ಗೆ ತಲುಪಲೇ ಇಲ್ಲ.

ಲಂಡನ್ನಿನ ಆದೇಶಗಳೂ ಸ್ಪಷ್ಟ ಇರಲಿಲ್ಲ. ಒಮ್ಮೆ ಶತ್ರುವನ್ನು ಹುಡುಕು, ಒಮ್ಮೆ ಕ್ಯಾನೋಪಸ್ ಜೊತೆ ಇರು. ಕ್ರಾಡಾಕ್ ಕೇಳಿದ್ದ ಡಿಫೆನ್ಸ್ ಎಂಬ ಬಲವಾದ ಕ್ರೂಸರ್ ಅಟ್ಲಾಂಟಿಕ್ ಕಡೆಯಲ್ಲೇ ಉಳಿಯಿತು. ಇನ್ನೊಂದು ವಿಷಯ ಆತನ ತಲೆಯಲ್ಲಿತ್ತು. ಆಗಸ್ಟ್‌ನಲ್ಲಿ ಮೆಡಿಟರೇನಿಯನ್‌ನಲ್ಲಿ 1ನೇ ಕ್ರೂಸರ್ ಸ್ಕ್ವಾಡ್ರನ್ನಿನ ಅಡ್ಮಿರಲ್ ಟ್ರೌಬ್ರಿಜ್, ತನಗಿಂತ ಬಲಶಾಲಿಯಾದ ಜರ್ಮನ್ ಗೇಬೆನ್ ಮೇಲೆ ಬೀಳದೆ ಬಿಟ್ಟುಬಿಟ್ಟಿದ್ದ. ಅದಕ್ಕೆ ಆತನ ಮೇಲೆ ವಿಚಾರಣೆ ನಡೀತಾ ಇತ್ತು. ಆ ಗತಿ ತನಗೆ ಬರಬಾರದು ಅಂತ ಕ್ರಾಡಾಕ್ ಗೆಳೆಯನೊಬ್ಬನಿಗೆ ಪತ್ರ ಬರೆದು, ತಾನು ಸತ್ತರೆ ಮಾತ್ರ ಕಳಿಸಿ ಎಂದು ಫಾಕ್‌ಲ್ಯಾಂಡ್ ಗವರ್ನರ್ ಕೈಲಿ ಕೊಟ್ಟು ಹೋಗಿದ್ದ.

ಸ್ಪೇ ಕೂಡ ಚಾಲಾಕಿ. ವೈರ್‌ಲೆಸ್‌ನಲ್ಲಿ ಲೈಪ್‌ಜಿಗ್ ಎಂಬ ಒಂದೇ ಹಡಗಿನ ಸಂಕೇತ ಬಳಸಲು ಹೇಳಿದ್ದ. ಹೀಗಾಗಿ ಕ್ರಾಡಾಕ್ ಒಂಟಿ ಲೈಪ್‌ಜಿಗ್ ಹುಡುಕುತ್ತಿದ್ದ. ಸ್ಪೇ, ಕೊರೊನೆಲ್ ಬಂದರಿಗೆ ಬಂದಿದ್ದ ಒಂಟಿ ಗ್ಲಾಸ್ಗೋ ಹುಡುಕುತ್ತಿದ್ದ. ನವೆಂಬರ್ 1ರ ಸಂಜೆ ಎದುರಾದದ್ದು ಎರಡು ದಳಗಳು. ಕ್ಯಾನೋಪಸ್ ಆಗ ಸುಮಾರು 300 ಮೈಲಿ ದಕ್ಷಿಣಕ್ಕಿತ್ತು.

ಕ್ರಾಡಾಕ್ ದಕ್ಷಿಣಕ್ಕೆ ತಿರುಗಿ ಕ್ಯಾನೋಪಸ್ ಕಡೆ ಹೋಗಬಹುದಿತ್ತು. ಹೋಗಲಿಲ್ಲ. ಸ್ಪೇ ಸೂರ್ಯ ಮುಳುಗುವವರೆಗೆ ದೂರವೇ ಉಳಿದ. ಆಮೇಲೆ ಬ್ರಿಟಿಷ್ ಹಡಗುಗಳು ಪಶ್ಚಿಮದ ಕೆಂಪು ಆಕಾಶದೆದುರು ಕಪ್ಪಗೆ ಎದ್ದು ಕಂಡವು, ಜರ್ಮನ್ ಹಡಗುಗಳು ತೀರದ ಕತ್ತಲಲ್ಲಿ ಕರಗಿದವು. ಗುಡ್ ಹೋಪ್‌ನ ವಿನ್ಯಾಸದ ದೋಷವೂ ಆಗಲೇ ಕೈಕೊಟ್ಟಿತು: ಅದರ 6 ಇಂಚಿನ ತೋಪುಗಳಲ್ಲಿ ಅರ್ಧದಷ್ಟು ನೀರಿಗೆ ತೀರಾ ಹತ್ತಿರ ಇದ್ದವು, ಅಲೆ ಎದ್ದಾಗ ಹಾರಿಸೋಕೆ ಆಗ್ತಿರಲಿಲ್ಲ. ಅವತ್ತು ಸಮುದ್ರ ಪೂರ್ತಿ ಎದ್ದಿತ್ತು. ಒಂದು ಗಂಟೆಯೊಳಗೆ ಗುಡ್ ಹೋಪ್ ಸಿಡಿದು ಮುಳುಗಿತು, ಆಮೇಲೆ ಮನ್ಮತ್. ಎರಡರಿಂದಲೂ ಒಬ್ಬನೂ ಬದುಕಲಿಲ್ಲ. ಸುಮಾರು 1,600 ಜನ, ಅವರಲ್ಲಿ 52 ವರ್ಷದ ಕ್ರಾಡಾಕ್ ಒಬ್ಬ. ಜರ್ಮನ್ನರ ಕಡೆ ಗಾಯಗೊಂಡವರು ಮೂರೇ ಮಂದಿ. ಡಿಫೆನ್ಸ್ ಕಳಿಸುತ್ತೇವೆ ಎಂಬ ಲಂಡನ್ ಆದೇಶ ಹೊರಟದ್ದು ನವೆಂಬರ್ 3ರಂದು.

ಆ ಸಾವು ಪೂರ್ತಿ ವ್ಯರ್ಥವಾಯ್ತಾ? ಸ್ಪೇಯ ಎರಡು ದೊಡ್ಡ ಹಡಗುಗಳು 8.2 ಇಂಚಿನ ಶೆಲ್‌ಗಳಲ್ಲಿ ಶೇ. 40ಕ್ಕೂ ಹೆಚ್ಚನ್ನು ಅವತ್ತೇ ಖರ್ಚು ಮಾಡಿದ್ದವು, ತುಂಬಿಸಿಕೊಳ್ಳಲು ಹತ್ತಿರ ಯಾವ ಜರ್ಮನ್ ಬಂದರೂ ಇರಲಿಲ್ಲ. ಡಿಸೆಂಬರ್ 8ರಂದು ಸ್ಪೇ ಫಾಕ್‌ಲ್ಯಾಂಡ್‌ಗೆ ಬಂದಾಗ ಎರಡು ಬ್ರಿಟಿಷ್ ಬ್ಯಾಟಲ್ ಕ್ರೂಸರ್‌ಗಳು ಕಾದಿದ್ದವು. ಸ್ಪೇ, ಅವನ ಇಬ್ಬರು ಗಂಡುಮಕ್ಕಳು ಮತ್ತು ನಾಲ್ಕು ಹಡಗುಗಳು ಅವತ್ತು ಮುಳುಗಿದವು. ಆ ಕಾಳಗದ ಮೊದಲ ಶೆಲ್ ಹಾರಿಸಿದ್ದು, ಬಂದರಿನ ಕೆಸರಲ್ಲಿ ಕೂರಿಸಿದ್ದ ಅದೇ ಕ್ಯಾನೋಪಸ್.

ಕ್ರಾಡಾಕ್ ದುಡುಕಿದನಾ, ಇಲ್ಲ ಬೇರೆ ದಾರಿ ಇರಲಿಲ್ವಾ ಅಂತ ಇವತ್ತಿಗೂ ವಾದ ನಡೆಯುತ್ತೆ. 16 ನಾಟ್ ಅಂತ ಗೊತ್ತಿದ್ದರೂ ಆತ ಕ್ಯಾನೋಪಸ್‌ಗೆ ಕಾಯ್ತಿದ್ದನೋ ಇಲ್ಲವೋ, ಹೇಳೋಕೆ ಯಾರಿಂದಲೂ ಆಗಲ್ಲ. ಆದರೆ ನಿರ್ಧಾರ ಮಾಡಬೇಕಾದವನ ಮೇಜಿಗೆ ಸರಿಯಾದ ಅಂಕಿ ಬರಲಿಲ್ಲ. ಅದು ಎಂಜಿನ್ ರೂಮ್ ಮತ್ತು ಕ್ಯಾಪ್ಟನ್ ನಡುವೆಯೇ ನಿಂತುಬಿಟ್ಟಿತು. ಯಾರ್ಕ್ ನಗರದ ದೊಡ್ಡ ಚರ್ಚಿನಲ್ಲಿ ಕ್ರಾಡಾಕ್‌ನ ಸ್ಮಾರಕ ಇದೆ. ಮೂಳೆ ಮಾತ್ರ ಚಿಲಿಯ ಸಮುದ್ರದ ತಳದಲ್ಲಿ.