ಮೈಗೆ ಕನ್ನಡ ಕೊಟ್ಟ ಡಾಕ್ಟರು

ಎಡಪಂಥದ ಒಲವಿರುವ ಹುಡುಗ ಹುಡುಗಿಯರ ಶೆಲ್ಫಿನಲ್ಲಿ ‘ಚಿರಸ್ಮರಣೆ’ ಇದ್ದೇ ಇರುತ್ತೆ. ಕಯ್ಯೂರಿನ ರೈತರ ಕಥೆ ಬರೆದ ನಿರಂಜನ ಅವರಿಗೆ ಗೊತ್ತು. ಅನುಪಮಾ ಯಾರು ಅಂತ ಕೇಳಿದರೆ ಮಾತ್ರ, ನಿರಂಜನರ ಹೆಂಡತಿ ಅನ್ನೋ ಉತ್ತರ ಬರುತ್ತೆ. ಹೆಚ್ಚೆಂದರೆ ಪುಟ್ಟಣ್ಣ ಕಣಗಾಲರ ‘ಋಣಮುಕ್ತಳು’ ಇವರ ಕಾದಂಬರಿಯಿಂದ ಬಂದದ್ದು ಅನ್ನೋ ನೆನಪು. ನನ್ನನ್ನು ಕೇಳಿದರೆ, ಕನ್ನಡದ ಮನೆಗಳ ಒಳಗೆ ನಿಜವಾಗಿ ನುಗ್ಗಿದ ರಾಜಕೀಯ ಬರಹ ಗಂಡನದ್ದಲ್ಲ, ಹೆಂಡತಿಯದ್ದು.

1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದಾಗ ಹೆಸರು ವೆಂಕಟಲಕ್ಷ್ಮಿ. ಮೈಸೂರಿನಲ್ಲಿ ವೈದ್ಯಕೀಯ ಓದಿದರು. ಜಾತಿ ನೋಡದೆ ನಿರಂಜನರನ್ನು ಪ್ರೀತಿಸಿ ಮದುವೆಯಾದರು. ಧಾರವಾಡದಲ್ಲಿ, ಆಮೇಲೆ ಬೆಂಗಳೂರಿನಲ್ಲಿ ವೈದ್ಯೆಯಾಗಿ ಕೆಲಸ ಮಾಡಿದರು. ಜೊತೆಜೊತೆಗೇ ಕಥೆ, ಕಾದಂಬರಿ, ಮಕ್ಕಳಿಗೆ ‘ದಿನಕ್ಕೊಂದು ಕಥೆ’. ‘ಮಾಧವಿ’ಯಲ್ಲಿ ಅವರು ಎತ್ತಿಕೊಂಡದ್ದು ಮಹಾಭಾರತದ ಒಂದು ಉಪಕಥೆ: ಗಾಲವನ ಗುರುದಕ್ಷಿಣೆಗೆ ಬೇಕಾದ ಕುದುರೆಗಳಿಗಾಗಿ ಒಬ್ಬ ರಾಜನಿಂದ ಇನ್ನೊಬ್ಬನಿಗೆ ಒತ್ತೆ ಹೋಗುವ ಹೆಣ್ಣು. ಹೆಣ್ಣಿನ ಮೈ ಯಾರ ಸ್ವತ್ತು ಅನ್ನೋ ಪ್ರಶ್ನೆ ಅವರಿಗೆ ಬರೀ ಪುರಾಣದ್ದಾಗಿರಲಿಲ್ಲ. ಅದು ದಿನಾ ಕ್ಲಿನಿಕ್ಕಿಗೆ ಬಂದು ಕೂರುತ್ತಿತ್ತು.

ಹಾಗಾಗಿಯೇ ಆ ಇನ್ನೊಂದು ಸಾಲಿನ ಪುಸ್ತಕಗಳು: ‘ತಾಯಿ ಮಗು’, ‘ಕೇಳು ಕಿಶೋರಿ’, ‘ದಾಂಪತ್ಯ ದೀಪಿಕೆ’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’. ಮುಟ್ಟು, ಬಸಿರು, ಬಾಣಂತನ, ಲೈಂಗಿಕತೆ ಎಲ್ಲವನ್ನೂ ನಾಚಿಕೆಯಿಲ್ಲದ, ಆದರೆ ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಕನ್ನಡದಲ್ಲಿ ಹೇಳಿದರು. ಮದುವೆಗೆ ಉಡುಗೊರೆಯಾಗಿ ಕೈ ಬದಲಿಸಿದ ಪುಸ್ತಕಗಳಿವು. ವಿಮರ್ಶಕರು ಇವನ್ನು ಸಾಹಿತ್ಯ ಅಂತ ಲೆಕ್ಕಕ್ಕೆ ಹಿಡಿಯಲಿಲ್ಲ. ಹಿಡಿಯದಿದ್ದರೆ ಬಿಡಿ, ಓದಿದವರು ಓದಿಕೊಂಡರು.

1970ರ ದಶಕದ ಆರಂಭದಲ್ಲಿ ನಿರಂಜನರಿಗೆ ಪಾರ್ಶ್ವವಾಯು ಹೊಡೆಯಿತು. ಆ ಸ್ಥಿತಿಯಲ್ಲೇ ಅವರು ‘ವಿಶ್ವಕಥಾಕೋಶ’ದ 25 ಸಂಪುಟಗಳನ್ನು ಸಂಪಾದಿಸಿದರು. ಆ ಸಾಧನೆ ಹೊಗಳುವಾಗ ಮನೆಯಲ್ಲಿದ್ದ ಡಾಕ್ಟರನ್ನು ಮರೆಯುತ್ತೇವೆ. ವರ್ಷಗಟ್ಟಲೆ ರೋಗಿಯ ಜೊತೆ ಬದುಕೋದು, ಅವರ ಕೆಲಸ ನಿಲ್ಲದಂತೆ ನೋಡಿಕೊಳ್ಳೋದು, ಅದರ ನಡುವೆ ತನ್ನದನ್ನೂ ಬರೆಯೋದು. ಆ ಆರೈಕೆಗೆ ಸಂಪುಟ ಇಲ್ಲ.

ಕೊನೆಗೆ ಕ್ಯಾನ್ಸರ್ ಬಂದದ್ದು ಅನುಪಮಾಗೆ. 1991ರ ಫೆಬ್ರವರಿಯಲ್ಲಿ ತೀರಿಕೊಂಡಾಗ ವಯಸ್ಸು 56. ಮರುವರ್ಷ ನಿರಂಜನರೂ ಹೋದರು.

ಆ ಕಾಲ ಹೇಗಿತ್ತು ನೋಡಿ. ಕೀಮೋದ ವಾಂತಿ ತಡೆಯುವ ಒಂಡಾನ್ಸೆಟ್ರಾನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದೇ 1991ರ ಜನವರಿಯಲ್ಲಿ. 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ನಮ್ಮ ಆಸ್ಪತ್ರೆಗಳಿಂದ ಮಾರ್ಫಿನ್ ಹೆಚ್ಚುಕಡಿಮೆ ಮಾಯವಾಗಿತ್ತು. ಅಫೀಮು ಬೆಳೆದು ರಫ್ತು ಮಾಡುವ ದೇಶದಲ್ಲೇ ಬಳಕೆ ಶೇ 90ಕ್ಕೂ ಹೆಚ್ಚು ಕುಸಿಯಿತು. ಪೆಡ್ಲರ್‌ಗೆ ಅಂತ ಮಾಡಿದ ಕಾನೂನು ಹಿಡಿದದ್ದು ಮಂಚದ ಮೇಲಿದ್ದವರನ್ನ. ತಿದ್ದುಪಡಿ ಆಗಲು 2014 ಬರಬೇಕಾಯಿತು. ಬೆಂಗಳೂರಿನಲ್ಲಿ ‘ಕರುಣಾಶ್ರಯ’ ಬಾಗಿಲು ತೆರೆದದ್ದು 1999ರಲ್ಲಿ.

ಈಗ ಔಷಧಿ ಇವೆ. ಅವನ್ನು ವಿವರಿಸುವ ಅನುಪಮಾ ಇಲ್ಲ. ಅವರು ಕೆಲಸ ಮಾಡಿದ ಧಾರವಾಡದಿಂದ ಸುಮಾರು ಇನ್ನೂರು ಕಿಲೋಮೀಟರ್ ಉತ್ತರಕ್ಕೆ ವಿಜಯಪುರ. ಅಲ್ಲಿಂದ ಇನ್ನೊಂದಿಷ್ಟು ದೂರ ತಿಕೋಟಾ, ಬಬಲೇಶ್ವರ. ಎರಡೂ ಈಚೆಗಷ್ಟೇ ತಾಲ್ಲೂಕಾದ ಊರುಗಳು. ಭಾರತದ ಹೆಂಗಸರಲ್ಲಿ ಈಗ ಎಲ್ಲಕ್ಕಿಂತ ಹೆಚ್ಚು ಕಾಣುವ ಕ್ಯಾನ್ಸರ್ ಸ್ತನದ್ದು. ಎದ್ಯಾಗ ಗಂಟು ಐತಿ ಅಂತ ಅತ್ತೆ ಮುಂದೆ ಹೇಳೋಕೆ ತಿಂಗಳುಗಟ್ಟಲೆ ಹಿಡಿಯುತ್ತೆ. ಗಂಟು ನೋಯಲ್ಲ, ಹಾಗಾಗಿ ರೋಗ ಅನ್ನಿಸೋದೂ ಇಲ್ಲ. ಗೊತ್ತಾದ ಮೇಲೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಸೊಲ್ಲಾಪುರ, ಇಲ್ಲವೇ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಕಿದ್ವಾಯಿ. ವಾಪಸು ಬರುವಾಗ ಕೈಯಲ್ಲಿ ಇಂಗ್ಲಿಷಿನ ಡಿಸ್ಚಾರ್ಜ್ ಹಾಳೆ.

ಆ ಹಾಳೆಯನ್ನು ಅವರು ಕನ್ನಡಕ್ಕೆ ಇಳಿಸಿದ್ದರೆ ಹೀಗೆ ಬರೆಯುತ್ತಿದ್ದರೇನೋ. ಕೀಮೋ ಔಷಧಿ ಬೇಗ ಬೇಗ ಒಡೆದು ಬೆಳೆಯುವ ಕಣಗಳನ್ನೆಲ್ಲ ಹೊಡೆಯುತ್ತೆ, ಅದಕ್ಕೇ ಕೂದಲು ಉದುರುತ್ತೆ, ಬಾಯಿ ಹುಣ್ಣಾಗುತ್ತೆ. ಕೂದಲು ತಿರುಗಿ ಬರುತ್ತೆ. ಆದರೆ ರಕ್ತದ ಬಿಳಿ ಕಣ ಇಳಿದಿರುವಾಗ ಜ್ವರ 100.4 ಡಿಗ್ರಿ ದಾಟಿದರೆ ಮನೆಯಲ್ಲಿ ಕ್ರೋಸಿನ್ ನುಂಗಿ ಬೆಳಗಾಗಲಿ ಅಂತ ಕಾಯಬಾರದು, ರಾತ್ರೋರಾತ್ರಿ ಆಸ್ಪತ್ರೆಗೆ ಹೋಗಬೇಕು. ಇದು ಜೀವದ ಪ್ರಶ್ನೆ. ಕಂಕುಳಿನ ಗ್ರಂಥಿ ತೆಗೆದಿದ್ದರೆ ಆ ಕೈ ಬಾವು ಬರಬಹುದು, ವರ್ಷಗಳ ಮೇಲೂ. ತಿಕೋಟಾದ ದ್ರಾಕ್ಷಿ ತೋಟದಲ್ಲಿ ಕತ್ತರಿ ಹಿಡಿಯುವವಳಿಗೆ ಸಣ್ಣ ಗಾಯವೂ ಸೋಂಕಾಗಿ ಬಾವು ಏರಿಸಬಹುದು. ಪ್ಯಾಕ್ಲಿಟಾಕ್ಸೆಲ್ ಕೊಟ್ಟಿದ್ದರೆ ಬೆರಳು ಜೋಮು ಹಿಡಿಯುತ್ತೆ, ಗೊಂಚಲಿನ ಕಾಳು ಬಿಡಿಸೋಕೆ ಆಗಲ್ಲ. ಅಂದರೆ ಕೂಲಿ ಹೋಯಿತು. ಟ್ಯಾಮಾಕ್ಸಿಫೆನ್ ಗುಳಿಗೆ ಐದು ವರ್ಷ, ಕೆಲವರಿಗೆ ಹತ್ತು. ಮೈಯೆಲ್ಲ ಬಿಸಿಯಾಗುತ್ತೆ ಅಂತ ಮೊದಲೇ ಹೇಳಿರದಿದ್ದರೆ ಆರನೇ ತಿಂಗಳಿಗೆ ಗುಳಿಗೆ ಡಬ್ಬಿ ಸೇರುತ್ತೆ, ಯಾರಿಗೂ ಹೇಳದೆ.

ಇನ್ನು ಉಪಶಾಮಕ ಆರೈಕೆ. ಈ ಪದವೇ ಸಾವಿನ ನೋಟಿಸ್ ಥರ ಕೇಳುತ್ತೆ. ನೋವು, ಉಬ್ಬಸ, ನಿದ್ದೆ, ಭಯ ಇವನ್ನೆಲ್ಲ ಚಿಕಿತ್ಸೆಯ ಮೊದಲ ದಿನದಿಂದಲೇ ನೋಡಿಕೊಳ್ಳೋದಕ್ಕೆ ಇರುವ ಹೆಸರದು. ಮಾರ್ಫಿನ್ ಗುಳಿಗೆಯನ್ನು ಡಾಕ್ಟರು ಹೇಳಿದ ಅಳತೆಯಲ್ಲಿ ತಗೊಂಡರೆ ಆಯಸ್ಸು ಕಡಿಮೆ ಆಗಲ್ಲ. ಮಲಬದ್ಧತೆ ಆಗುತ್ತೆ, ಅದಕ್ಕೆ ಜೊತೆಗೇ ಔಷಧಿ ಬೇಕು. ನೋವು ತಡೆಯೋದಕ್ಕೆ ಬೇಕಾದದ್ದು ಇಷ್ಟು ಅಗ್ಗದ ಗುಳಿಗೆ. ಅದಕ್ಕಾಗಿ ಬಬಲೇಶ್ವರದಿಂದ ಬಾಡಿಗೆ ಗಾಡಿ ಮಾಡಿಕೊಂಡು ಹುಬ್ಬಳ್ಳಿಗೆ ಹೋಗಬೇಕಾ? ತಾಲ್ಲೂಕು ಅಂತ ಬೋರ್ಡು ಹಾಕಿದ್ದೇವಲ್ಲ, ಅಲ್ಲಿನ ಆಸ್ಪತ್ರೆಯ ಔಷಧಿ ಪಟ್ಟಿಯಲ್ಲಿ ಮಾರ್ಫಿನ್ ಇದೆಯಾ ಅಂತ ಮುಂದಿನ ಸಲ ಮತ ಕೇಳೋಕೆ ಬಂದವರನ್ನ ಕೇಳಿ.